ಪತ್ತನಾಜೆಗೆ ಮೊದಲು: ಪಾಗಾರ, ಕರೆಂಟು, ಮಾಡು ಮತ್ತು ಕಾರಿನ ಶೆಡ್ಡು

(ಉಡುಪಿಯಲ್ಲಿ ನಮ್ಮ ಬಡಾವಣೆಯವರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಕೇಳಿದ ಕೆಲವು ಪ್ರಶ್ನೆಗಳನ್ನೂ ಉತ್ತರಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಳೆಗಾಲಕ್ಕೆ ಮನೆಯನ್ನು ಹೇಗೆ ತಯಾರು ಮಾಡಬೇಕು ಎಂದು ಮಾತಾಡಲು ಕರೆದಿದ್ದೀರಿ. ನಾನು ಮನೆ ಕಟ್ಟಿಸುವ, ಹಳೆಯ ಮನೆ ರಿಪೇರಿ ಮಾಡಿಸುವ ಕೆಲಸದಲ್ಲಿ ಇರುವವನು. ಏಪ್ರಿಲ್, ಮೇ ಬಂತೆಂದರೆ ನನ್ನ ಫೋನಿಗೆ ಪುರುಸೊತ್ತಿಲ್ಲ. ಬರುವ ಕರೆಗಳೆಲ್ಲ ಹೆಚ್ಚುಕಮ್ಮಿ ಒಂದೇ ತರ. ಮಾಡು ಸೋರುತ್ತದೆ, ಟೆರೇಸಿಗೆ ಏನು ಬಳಿಯಬೇಕು, ಶೀಟ್ ಹಾಕಿಸಿದರೆ ಎಷ್ಟಾಗುತ್ತದೆ. "ನಮ್ಮ ಪಾಗಾರ ಗಟ್ಟಿ ಇದೆಯಾ, ಒಮ್ಮೆ ಬಂದು ನೋಡಿ" ಎಂದು ಕಾಂಪೌಂಡ್ ಗೋಡೆ ತೋರಿಸಲು ಕರೆಯುವವರು ಅಪರೂಪ. "ಇಎಲ್‌ಸಿಬಿ ಕೆಲಸ ಮಾಡ್ತಾ ಇದೆಯಾ" ಎಂದು ಕೇಳುವವರು ಇನ್ನೂ ಅಪರೂಪ. ಇಎಲ್‌ಸಿಬಿ ಎಂದರೆ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ಚು.

ಇವತ್ತು ನಾನು ಹೇಳಬೇಕೆಂದು ಬಂದದ್ದು ಇದನ್ನೇ. ಮಾಡು ಸೋರಿದರೆ ಹಾಸಿಗೆ ಒದ್ದೆಯಾಗುತ್ತದೆ, ಗೋಡೆಗೆ ಕಲೆ ಬೀಳುತ್ತದೆ. ಜೀವ ಹೋಗುವುದು ಗೋಡೆ ಬಿದ್ದಾಗ, ಕರೆಂಟ್ ಹೊಡೆದಾಗ. 2024ರ ಜೂನ್ ಕೊನೆಯ ವಾರ ನಿಮಗೆಲ್ಲ ನೆನಪಿರಬಹುದು. ಉಳ್ಳಾಲದ ಕಡೆ ಪಕ್ಕದ ಮನೆಯ ಕಾಂಪೌಂಡ್ ಗೋಡೆ ಮನೆಯ ಮೇಲೆ ಬಿದ್ದು ಒಂದೇ ಕುಟುಂಬದ ನಾಲ್ಕು ಜನ ತೀರಿಕೊಂಡರು. ಅದೇ ವಾರ ಮಂಗಳೂರಿನ ಪಾಂಡೇಶ್ವರದ ಹತ್ತಿರ ತುಂಡಾಗಿ ಬಿದ್ದ ವೈರಿನಿಂದ ಇಬ್ಬರು ರಿಕ್ಷಾ ಚಾಲಕರು ಸತ್ತರು. ಪೇಪರಿನಲ್ಲಿ ಓದಿ ಅಯ್ಯೋ ಎಂದೆವು. ಆದರೆ ನಮ್ಮ ಮನೆಯ ಹಿಂದಿನ ಗೋಡೆಯನ್ನು ಹೋಗಿ ನೋಡಿದವರು ಎಷ್ಟು ಜನ? ಹಾಗಾಗಿ ನನ್ನ ಮಾತಿನಲ್ಲಿ ಮೊದಲು ಗೋಡೆ, ಆಮೇಲೆ ಕರೆಂಟು. ಮಾಡು ಅದರ ನಂತರ.

ಅದಕ್ಕೂ ಮೊದಲು ಯಾವಾಗ ಮಾಡಬೇಕು ಎನ್ನುವ ಮಾತು. ನಮ್ಮ ಹಿರಿಯರು ಇದಕ್ಕೆ ಪತ್ತನಾಜೆಯ ಗಡು ಇಟ್ಟಿದ್ದರು. ತುಳುವರ ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24ರ ಆಸುಪಾಸು. ಅಲ್ಲಿಗೆ ಕೋಲ, ನೇಮ ಮುಗಿಯುತ್ತದೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಸೌದೆ ಕೊಟ್ಟಿಗೆ ಸೇರಿರಬೇಕು, ಹಂಚು ಕೈಯಾಡಿಸಿ, ಅಂದರೆ ತೆಗೆದು ಮತ್ತೆ ಸರಿಯಾಗಿ ಕೂರಿಸಿ ಆಗಿರಬೇಕು, ಹಪ್ಪಳ ಸಂಡಿಗೆ ಒಣಗಿ ಡಬ್ಬಿ ಸೇರಿರಬೇಕು. ಈಗ ನಾವು ಜೂನ್ ಮೊದಲ ವಾರ ಮಳೆ ಬರುತ್ತದೆ, ಅಷ್ಟರೊಳಗೆ ಮಾಡಿದರಾಯಿತು ಎಂದು ಕೂರುತ್ತೇವೆ. 2025ರಲ್ಲಿ ಏನಾಯಿತು ನೋಡಿ. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. ಆ ವರ್ಷ ಮೇ 24ಕ್ಕೇ ಬಂತು. ನಮ್ಮಲ್ಲಿಗೂ ಅದರ ಹಿಂದೆಯೇ ಬಂತು. ಅರ್ಧ ಹಂಚು ತೆಗೆದಿಟ್ಟ ಮನೆಗಳವರು ಟಾರ್ಪಾಲಿಗೆ ಓಡಾಡಿದರು. ಹಿರಿಯರ ಗಡು ಸರಿಯಾಗಿಯೇ ಇತ್ತು.

ಇನ್ನು ಗೋಡೆ.

ಮಂಗಳೂರು, ಮಣಿಪಾಲ, ಉಡುಪಿಯ ಸುತ್ತ ಸಮತಟ್ಟು ಜಾಗ ಕಡಿಮೆ. ಗುಡ್ಡ ಕಡಿದು ಮೆಟ್ಟಿಲು ಮಾಡಿ ಸೈಟು ಮಾಡುತ್ತೇವೆ. ಮೇಲಿನವರ ಅಂಗಳ ನಮ್ಮ ಅಡುಗೆಮನೆ ಕಿಟಕಿಯ ಎತ್ತರಕ್ಕೆ ಇರುತ್ತದೆ. ನಮ್ಮ ಗುಡ್ಡಗಳ ಹೊಟ್ಟೆಯಲ್ಲಿ ಏನಿದೆ ಎಂದು ಸ್ವಲ್ಪ ತಿಳಿದುಕೊಳ್ಳಬೇಕು. ಮೇಲೆ ಗಟ್ಟಿ ಮುರಕಲ್ಲು. ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಮೆತ್ತನೆಯ ಮಣ್ಣು. ಅದೇ ಶೇಡಿ ಮಣ್ಣು. ಹಿಂದೆ ಅಂಗಳದಲ್ಲಿ, ಬಾಗಿಲ ಬದಿಯಲ್ಲಿ ಬಿಳಿ ಚಿತ್ತಾರ ಬರೆಯುತ್ತಿದ್ದದ್ದು ಇದರಲ್ಲೇ. ಬೇಸಿಗೆಯಲ್ಲಿ ಜೆಸಿಬಿ ಹಾಕಿ ಕಡಿದಾಗ ಇದು ನೆಟ್ಟಗೆ ನಿಲ್ಲುತ್ತದೆ. ನೋಡಿದವರಿಗೆ ಬಂಡೆಯಷ್ಟೇ ಗಟ್ಟಿ ಎಂದು ಅನಿಸುತ್ತದೆ. ನೀರು ಕುಡಿದರೆ ಅದರ ಬಲವೆಲ್ಲ ಹೋಗುತ್ತದೆ. ಸುರತ್ಕಲ್‌ನ ಎನ್‌ಐಟಿಕೆಯ ಸಿವಿಲ್ ವಿಭಾಗದವರು ಈ ಮಣ್ಣಿನ ಮೇಲೆ ಸಾಕಷ್ಟು ಅಧ್ಯಯನ ಮಾಡಿದ್ದಾರೆ. ಬರೆ, ಅಂದರೆ ಕಡಿದ ಗುಡ್ಡದ ಬದಿ, ಜರಿಯುವುದು ಬರೀ ಮಳೆ ಜೋರಾಗಿ ಹೊಡೆದ ಕಾರಣಕ್ಕಲ್ಲ. ದಿನಗಟ್ಟಲೆ ಒಳಗೆ ಇಳಿದ ನೀರಿಗೆ ಹೊರಗೆ ಬರುವ ದಾರಿ ಇಲ್ಲದ ಕಾರಣಕ್ಕೆ.

ಒಂದು ಲೆಕ್ಕ ಹೇಳುತ್ತೇನೆ. 2 ಮೀಟರ್ ಎತ್ತರದ ಗೋಡೆ. ಅದರ ಹಿಂದೆ ಮೇಲಿನವರೆಗೂ ನೀರು ನಿಂತಿದೆ ಎಂದಿಟ್ಟುಕೊಳ್ಳಿ. ಆ ನೀರು ಗೋಡೆಯ ಪ್ರತಿ ಒಂದು ಮೀಟರ್ ಉದ್ದವನ್ನು ಸುಮಾರು 2 ಟನ್ ಬಲದಲ್ಲಿ ತಳ್ಳುತ್ತದೆ. ಮಣ್ಣು ತಳ್ಳುವುದು ಬೇರೆ. ಗೋಡೆಯ ಎತ್ತರ ಎರಡು ಪಟ್ಟಾದರೆ ನೀರಿನ ಬಲ ನಾಲ್ಕು ಪಟ್ಟು. ಒಂದೇ ಕಲ್ಲಿನ ದಪ್ಪದಲ್ಲಿ ಕಟ್ಟಿದ ಪಾಗಾರ ಇದನ್ನು ತಡೆಯುವುದು ಹೇಗೆ?

ಅದಕ್ಕೇ ಗೋಡೆಯಲ್ಲಿ ನೀರು ಹೊರಗೆ ಬರಲು ತೂತುಗಳನ್ನು ಬಿಡುವುದು. ಒಂದೂವರೆ ಮೀಟರಿಗೊಂದರಂತೆ ಪೈಪಿನ ತುಂಡು ಇಟ್ಟಿರುತ್ತಾರೆ. ನೀವು ಮನೆಗೆ ಹೋಗಿ ಮೊದಲು ಮಾಡಬೇಕಾದ ಕೆಲಸ ಇದು: ಆ ತೂತುಗಳನ್ನು ಹುಡುಕಿ. ಎಷ್ಟೋ ಕಡೆ ಹುಲ್ಲು, ಜರಿಗಿಡ ಬೆಳೆದು ಮುಚ್ಚಿರುತ್ತದೆ. ಕೆಲವು ಕಡೆ ಚಂದ ಕಾಣಲಿ ಎಂದು ಗಾರೆ ಹಾಕಿ ಮುಚ್ಚಿಯೇ ಬಿಟ್ಟಿರುತ್ತಾರೆ. ಒಂದು ಉದ್ದದ ಕಬ್ಬಿಣದ ಸರಳು ತೆಗೆದುಕೊಂಡು ನಿಧಾನ ಚುಚ್ಚಿ. ಮೊದಲು ಒಣ ಮಣ್ಣು ಉದುರುತ್ತದೆ. ಮತ್ತೆ ಬೇರು ಸಿಕ್ಕುತ್ತದೆ, ಸರಳಿಗೆ ಸುತ್ತಿಕೊಂಡು ಬರುತ್ತದೆ. ಮಳೆ ಶುರುವಾದ ಮೇಲೆ ಈ ಕೆಲಸ ಮಾಡಿದರೆ ಒಂದು ಹಂತದಲ್ಲಿ ಕೈಗೆ ತಡೆ ಸಡಿಲವಾದದ್ದು ಗೊತ್ತಾಗುತ್ತದೆ, ಆಮೇಲೆ ಕೆಂಪು ನೀರು ಭರ್ರನೆ ಬರುತ್ತದೆ. ಅಷ್ಟು ನೀರು ಗೋಡೆಯ ಬೆನ್ನಿಗೆ ಒರಗಿ ನಿಂತಿತ್ತು ಎಂದರ್ಥ. ತೂತಿನ ಹಿಂದೆ ಜಲ್ಲಿ ತುಂಬಿದ್ದರೆ ಮತ್ತೆ ಬೇಗ ಕಟ್ಟುವುದಿಲ್ಲ. ಬರೀ ಮಣ್ಣು ತುಂಬಿದ್ದರೆ ಪ್ರತಿ ವರ್ಷ ಚುಚ್ಚಬೇಕು.

ಇನ್ನು ಗೋಡೆಯನ್ನು ಒಂದು ತುದಿಯಲ್ಲಿ ನಿಂತು ಕಣ್ಣು ಕಿರಿದು ಮಾಡಿ ನೋಡಿ. ಮಧ್ಯದಲ್ಲಿ ಹೊಟ್ಟೆ ಬಂದಿದೆಯಾ? ಓರೆಯಾಗಿ ಬಿರುಕು ಇದೆಯಾ? ಬಿರುಕಿನ ಎರಡೂ ಬದಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ದಿನಾಂಕ ಬರೆದಿಡಿ. ಹದಿನೈದು ದಿನ ಬಿಟ್ಟು ನೋಡಿದರೆ ಅಗಲವಾಗುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ. ಗೋಡೆಯ ಮೇಲಿನ ಅಂಗಳದಲ್ಲಿ ಗೋಡೆಗೆ ಸಮಾನಾಂತರವಾಗಿ ನೆಲ ಬಿರಿದಿದ್ದರೆ ಅದು ದೊಡ್ಡ ಸೂಚನೆ. ಅಲ್ಲಿ ನೆಟ್ಟ ಮರ ವಾಲಿದ್ದರೂ ಅಷ್ಟೆ. ಬುಡದಿಂದ ಬರುತ್ತಿದ್ದ ತಿಳಿ ನೀರು ಇದ್ದಕ್ಕಿದ್ದಂತೆ ರಾಡಿಯಾದರೆ ಮತ್ತೆ ಯೋಚನೆ ಮಾಡುತ್ತಾ ಕೂರಬಾರದು, ಆ ಬದಿಯ ಕೋಣೆ ಖಾಲಿ ಮಾಡಬೇಕು.

ಇದರಲ್ಲಿ ಕಷ್ಟದ ಸಂಗತಿ ಒಂದಿದೆ. ಗೋಡೆ ಮೇಲಿನವರದ್ದು, ಅಪಾಯ ಕೆಳಗಿನವರದ್ದು. ಜೂನ್ ತಿಂಗಳ ಮಧ್ಯರಾತ್ರಿ ಟಾರ್ಚ್ ಹಿಡಿದು ಹೋಗಿ ಜಗಳ ಮಾಡುವ ಬದಲು ಏಪ್ರಿಲಿನಲ್ಲಿ ಹೋಗಿ ಕೂತು ಮಾತಾಡಿ. "ನಿಮ್ಮ ಅಂಗಳದ ನೀರು ಈ ಕಡೆ ಬಿಡಬೇಡಿ ಮಾರಾಯ್ರೆ, ಒಂದು ಕಣಿ ತೆಗೆದು ರಸ್ತೆ ಬದಿಗೆ ತಿರುಗಿಸುವ, ಅರ್ಧ ಖರ್ಚು ನಾನು ಕೊಡುತ್ತೇನೆ" ಎಂದರೆ ಹೆಚ್ಚಿನವರು ಒಪ್ಪುತ್ತಾರೆ. ಒಪ್ಪದಿದ್ದರೆ ಪಂಚಾಯತಿಗೋ ನಗರಸಭೆಗೋ ಬರವಣಿಗೆಯಲ್ಲಿ ಕೊಡಿ, ಫೋಟೋ ಸಮೇತ. ಎತ್ತರದ ಗೋಡೆಯ ಬುಡಕ್ಕೆ ಮಂಚ ಹಾಕಬೇಡಿ. ರೆಡ್ ಅಲರ್ಟ್ ಇದ್ದ ರಾತ್ರಿ ಮಕ್ಕಳು, ಹಿರಿಯರು ಮನೆಯ ಇನ್ನೊಂದು ಬದಿಯಲ್ಲಿ ಮಲಗಲಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಎರಡನೆಯದು ಕರೆಂಟು.

ಮನೆಯ ಮೇನ್ ಬೋರ್ಡಿನಲ್ಲಿ ಎಂಸಿಬಿಗಳ, ಅಂದರೆ ಕರೆಂಟ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚುಗಳ ಸಾಲು ಇರುತ್ತದೆ. ಅದು ಇದೆ, ಇನ್ನು ಹೆದರಿಕೆ ಇಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಎಂಸಿಬಿ ಇರುವುದು ವೈರನ್ನು ಕಾಪಾಡಲು. 16 ಆಂಪಿಯರ್ ಎಂಸಿಬಿ ಅಷ್ಟು ಕರೆಂಟ್ ದಾಟುವವರೆಗೆ ಸುಮ್ಮನೆ ಇರುತ್ತದೆ. ಮನುಷ್ಯನ ಎದೆಯ ಮೂಲಕ ಅದರ ನೂರನೇ ಒಂದು ಪಾಲಿಗಿಂತಲೂ ಕಡಿಮೆ ಹರಿದರೆ ಸಾಕು, ಹೃದಯ ನಿಲ್ಲಬಹುದು. ನಮ್ಮನ್ನು ಕಾಪಾಡುವುದು ಇಎಲ್‌ಸಿಬಿ. ಹೊಸ ಬೋರ್ಡುಗಳಲ್ಲಿ ಆರ್‌ಸಿಸಿಬಿ ಎಂದು ಬರೆದಿರುತ್ತದೆ. ಹೋದ ಕರೆಂಟು, ತಿರುಗಿ ಬಂದ ಕರೆಂಟು ಎರಡೂ ಸಮ ಇದೆಯಾ ಎಂದು ಅದು ನೋಡುತ್ತಲೇ ಇರುತ್ತದೆ. 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಲೈನ್ ಕಡಿಯುತ್ತದೆ. ಮನೆಗೆ ತೆಗೆದುಕೊಳ್ಳುವಾಗ ಮೇಲೆ 30 ಎಂದೇ ಬರೆದಿರಬೇಕು. 100, 300 ಎಂದಿರುವುದೂ ಅಂಗಡಿಯಲ್ಲಿ ಸಿಗುತ್ತದೆ, ಅವು ಜೀವರಕ್ಷಣೆಗೆ ಆಗುವುದಿಲ್ಲ.

ಅದರ ಮೇಲೆ 'ಟಿ' ಎಂದು ಬರೆದ ಚಿಕ್ಕ ಗುಂಡಿ ಇರುತ್ತದೆ. ಇವತ್ತು ಮನೆಗೆ ಹೋಗಿ ಅದನ್ನು ಒತ್ತಿ. ಟಪ್ ಎಂದು ಕೆಳಗೆ ಬಿದ್ದು ಇಡೀ ಮನೆಯ ಕರೆಂಟ್ ಹೋಗಬೇಕು. ಹೋದರೆ ಮೇಲೆ ಎತ್ತಿ ಹಾಕಿ, ನಿಶ್ಚಿಂತೆಯಿಂದ ಇರಿ. ಒತ್ತಿದರೂ ಬೀಳದಿದ್ದರೆ ಅದು ಅಲ್ಲಿದ್ದೂ ಪ್ರಯೋಜನವಿಲ್ಲ, ನಾಳೆಯೇ ಬದಲಾಯಿಸಿ. ಸಮುದ್ರದ ಹತ್ತಿರದ ಮನೆಗಳಲ್ಲಿ ಉಪ್ಪುಗಾಳಿಗೆ ಒಳಗಿನ ಭಾಗಗಳು ತುಕ್ಕು ಹಿಡಿದು ಅಂಟಿಕೊಳ್ಳುವುದು ಜಾಸ್ತಿ. ತಿಂಗಳಿಗೊಮ್ಮೆ ಒತ್ತುವುದು ಅಭ್ಯಾಸವಾಗಲಿ.

ಹೊರಗೆ ಬನ್ನಿ. ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರ್ ಶೀಟಿನ ಅಂಚಿಗೆ ಉಜ್ಜುತ್ತಿದೆಯಾ ನೋಡಿ. ಗಾಳಿಗೆ ಉಜ್ಜಿ ಉಜ್ಜಿ ಮೇಲಿನ ರಬ್ಬರ್ ಸವೆದರೆ ಇಡೀ ಶೀಟು, ಅದರ ಕಬ್ಬಿಣದ ಕಂಬ, ಕಂಬಕ್ಕೆ ಕಟ್ಟಿದ ಬಟ್ಟೆ ಒಣಗಿಸುವ ತಂತಿ, ಎಲ್ಲದರಲ್ಲೂ ಕರೆಂಟ್ ಬರುತ್ತದೆ. ಒದ್ದೆ ಬಟ್ಟೆ ಹಿಡಿದು ಬರಿಗಾಲಿನಲ್ಲಿ ಅಂಗಳಕ್ಕೆ ಬರುವವರ ಕೈಗೆ ಸಿಗುವುದು ಆ ತಂತಿ. ದಯವಿಟ್ಟು ಕಬ್ಬಿಣದ ತಂತಿ ತೆಗೆದು ನೈಲಾನ್ ಹಗ್ಗ ಕಟ್ಟಿ. ವೈರ್ ಗೋಡೆಯೊಳಗೆ ಹೋಗುವ ಮೊದಲು ಸ್ವಲ್ಪ ಕೆಳಗೆ ಇಳಿದು ಮತ್ತೆ ಮೇಲೆ ಏರಬೇಕು. ಆಗ ನೀರು ಆ ತಗ್ಗಿನಲ್ಲಿ ಹನಿಯಾಗಿ ಬೀಳುತ್ತದೆ. ಇಲ್ಲದಿದ್ದರೆ ವೈರ್ ಗುಂಟ ಸೀದಾ ಮೀಟರ್ ಪೆಟ್ಟಿಗೆಗೆ. ಗೇಟಿನ ಲೈಟು, ಬಾವಿಯ ಪಂಪಿನ ಸ್ವಿಚ್ಚು, ಇವೆರಡೂ ಎರಚಲು ಹೊಡೆಯುವ ಜಾಗದಲ್ಲೇ ಇರುತ್ತವೆ. ಮುಚ್ಚಳ ಇರುವ ಪೆಟ್ಟಿಗೆಯೊಳಗೆ ಹಾಕಿಸಿ.

ಲೈನಿಗೆ ತಾಗುವ ತೆಂಗಿನ ಮಡಲು, ಮರದ ಗೆಲ್ಲು ಇದ್ದರೆ ನೀವೇ ಕತ್ತಿ ಕಟ್ಟಿಕೊಂಡು ಹತ್ತಬೇಡಿ. ಕರೆಂಟ್ ಕಂಪನಿ ಮೆಸ್ಕಾಂನವರು ಲೈನ್ ಆಫ್ ಮಾಡಿ ಕಡಿಯುತ್ತಾರೆ, ಮೇ ತಿಂಗಳಲ್ಲಿ ಹೇಳಿದರೆ ಬರುತ್ತಾರೆ. ವೈರ್ ಕೆಳಗೆ ಬಿದ್ದದ್ದು ಕಂಡರೆ ಹತ್ತು ಮೀಟರ್ ಆದರೂ ದೂರ ನಿಲ್ಲಿ, ಬೇರೆಯವರನ್ನೂ ನಿಲ್ಲಿಸಿ, 1912ಕ್ಕೆ ಫೋನ್ ಮಾಡಿ. ಒದ್ದೆ ನೆಲದಲ್ಲಿ ವೈರ್ ಮುಟ್ಟದಿದ್ದರೂ ಹೊಡೆಯುತ್ತದೆ. ಯಾರಾದರೂ ಬಿದ್ದಿದ್ದರೆ ಎಳೆಯಲು ಓಡಬೇಡಿ. ಇಂಥ ಎಷ್ಟೋ ಕಡೆ ಸತ್ತ ಎರಡನೆಯವರು ಕಾಪಾಡಲು ಹೋದವರು.

ಈಗ ಮಾಡಿಗೆ ಬರೋಣ. ಇದರ ಬಗ್ಗೆ ನಿಮಗೇ ಗೊತ್ತಿರುವುದು ಜಾಸ್ತಿ, ಬೇಗ ಹೇಳಿ ಮುಗಿಸುತ್ತೇನೆ.

ಹಂಚಿನ ಮನೆಯಾದರೆ ಕೈಯಾಡಿಸುವುದಕ್ಕೆ ಪರ್ಯಾಯ ಇಲ್ಲ. 1865ರಲ್ಲಿ ಬಾಸೆಲ್ ಮಿಶನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದಾಗಿನಿಂದ ಈ ಹಂಚು ನಮ್ಮ ಮಳೆ ತಡೆಯುತ್ತಾ ಬಂದಿದೆ. ಹಂಚು ಹಾಳಾಗುವುದು ಕಡಿಮೆ. ಕೆಡುವುದು ಅದರ ಕೆಳಗಿನ ಮರದ ಪಟ್ಟಿ, ತೊಲೆಗಳು, ಅಂದರೆ ರೀಪು, ಪಕ್ಕಾಸು. ಹಂಚು ಜಾರಿದ್ದರೆ ಮತ್ತೆ ಕೂರಿಸಿದರಾಯಿತು. ರೀಪಿಗೆ ಗೆದ್ದಲು ಹತ್ತಿದ್ದರೆ ಹಂಚು ಎಷ್ಟು ಹೊಸದಾದರೂ ಪ್ರಯೋಜನವಿಲ್ಲ. ಎರಡು ಮಾಡು ಸೇರುವ ಕಡೆಯ ತಗಡಿನಲ್ಲಿ ವರ್ಷದ ಎಲೆಯೆಲ್ಲ ಕೂತಿರುತ್ತದೆ, ಕೈ ಹಾಕಿ ತೆಗೆಯಿರಿ. ಮಂಗಗಳ ಕಾಟ ಇರುವಲ್ಲಿ ನಾಲ್ಕು ಹಂಚು ಜಾಸ್ತಿ ತಂದಿಟ್ಟುಕೊಳ್ಳಿ. ಒದ್ದೆ ಹಂಚಿನ ಮೇಲೆ ಮಾತ್ರ ಹತ್ತಬೇಡಿ. ಒಂದು ದಿನ ಸೋರಿದರೆ ಸೋರಲಿ, ಪಾತ್ರೆ ಇಟ್ಟು ಹೊಳವಾಗುವವರೆಗೆ, ಮಳೆ ಬಿಡುವವರೆಗೆ ಕಾಯಿರಿ.

ಟೆರೇಸಿಗೆ ಬಣ್ಣ ಬಳಿಯುವುದಕ್ಕಿಂತ ನೀರು ಇಳಿಯುವ ಪೈಪಿನ ಬಾಯಿ ಮುಖ್ಯ. ಒಂದು ಸಾವಿರ ಚದರಡಿ ಟೆರೇಸಿನ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 9,300 ಲೀಟರ್ ನೀರು, ಅಂದರೆ 9 ಟನ್ನಿಗಿಂತ ಹೆಚ್ಚು ಭಾರ. ಜುಲೈಯಲ್ಲಿ ಒಂದೇ ದಿನ ಅಷ್ಟು ಮಳೆ ನಮಗೆ ಹೊಸತಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಭಾರೀ ಮಳೆ, 115.6ರಿಂದ 204.4ರವರೆಗೆ ಅತಿ ಭಾರೀ, ಅದಕ್ಕೂ ಮೇಲೆ ಇನ್ನೊಂದು ದರ್ಜೆ. ಒಂದು ಹಲಸಿನ ಎಲೆ, ಒಂದು ಪ್ಲಾಸ್ಟಿಕ್ ತೊಟ್ಟೆ ಪೈಪಿನ ಬಾಯಿಗೆ ಅಂಟಿದರೆ ಅಷ್ಟೂ ನೀರು ಮೇಲೆ ನಿಲ್ಲುತ್ತದೆ. ಜಾಲರಿ ಹಾಕಿ, ವಾರಕ್ಕೊಮ್ಮೆ ಹತ್ತಿ ನೋಡಿ. ನೀರು ತಡೆಯುವ ಪೇಂಟ್ ಬಳಿಯುವುದಿದ್ದರೆ ಕಾಂಕ್ರೀಟು ಪೂರ್ತಿ ಒಣಗಿರುವ ಮಾರ್ಚ್, ಏಪ್ರಿಲಿನಲ್ಲಿ. ಒದ್ದೆಯ ಮೇಲೆ ಬಳಿದದ್ದು ಗುಳ್ಳೆ ಎದ್ದು ಬರುತ್ತದೆ.

ಟೆರೇಸಿನ ಮೇಲೆ ಶೀಟ್ ಹಾಕಿದವರು ಗಾಳಿಯ ಬಗ್ಗೆ ಯೋಚಿಸಬೇಕು. ಮಳೆಗಾಲದ ಗಾಳಿ ಪಡುವಣದಿಂದ ಬರುತ್ತದೆ ಎಂದು ಆ ಬದಿ ಮಾತ್ರ ಗಟ್ಟಿ ಮಾಡಿಸುತ್ತಾರೆ. ಮೇ ತಿಂಗಳ ಸಂಜೆಯ ಗುಡುಗು ಮಳೆ ಘಟ್ಟದ ಕಡೆಯಿಂದ, ಮೂಡಣದಿಂದ ಬರುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲಿ ಹಾದು ಹೋಯಿತು. ನೆಲಕ್ಕೆ ಬಂದದ್ದು ಗುಜರಾತಿನಲ್ಲಿ, ಆದರೂ ಇಲ್ಲಿ ಮಾಡು ಹಾರಿತು. ಸ್ಕ್ರೂ ಕೆಳಗಿನ ರಬ್ಬರ್ ವಾಷರ್ ಬಿಸಿಲಿಗೆ ಬಿರಿದಿದ್ದರೆ ಬದಲಾಯಿಸಿ. ಅಂಚಿನ ಸಾಲಿನಲ್ಲಿ ಸ್ಕ್ರೂ ಒತ್ತೊತ್ತಾಗಿರಲಿ, ಶೀಟನ್ನು ಗಾಳಿ ಎತ್ತುವುದು ಅಂಚಿನಿಂದಲೇ.

ಇನ್ನು ಕಾರಿನ ಶೆಡ್ಡು. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಹಾಗಾಗಿ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ.

ನಮ್ಮಲ್ಲಿ ಹೆಚ್ಚಿನ ಶೆಡ್ಡುಗಳು ಹಿಂದೆ ಸೌದೆ ಕೊಟ್ಟಿಗೆಯೋ ಹಟ್ಟಿಯೋ ಆಗಿದ್ದವು. ಆಮೇಲೆ ನಾಲ್ಕು ಕಬ್ಬಿಣದ ಪೈಪು ನಿಲ್ಲಿಸಿ ಶೀಟು ಹಾಕಿದೆವು. ಆ ಪೈಪಿನ ಬುಡ ನೋಡಿ. ಕಾಂಕ್ರೀಟಿನಿಂದ ಮೇಲೆ ಬರುವ ಜಾಗದಲ್ಲಿ ನೀರು ನಿಂತು ಒಳಗಿನಿಂದ ತುಕ್ಕು ತಿಂದಿರುತ್ತದೆ. ಹೊರಗೆ ಪೇಂಟ್ ಚಂದ ಇರುತ್ತದೆ. ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದರೆ ಗಟ್ಟಿ ಇರುವಲ್ಲಿ ಟಣ್ ಎನ್ನುತ್ತದೆ, ತಿಂದಿರುವಲ್ಲಿ ಸುತ್ತಿಗೆ ಒಳಗೇ ಹೋಗುತ್ತದೆ. ಮಲ್ಪೆ, ಕಾಪು, ಉಳ್ಳಾಲದ ಕಡೆ ಇದು ಬಹಳ ಬೇಗ ಆಗುತ್ತದೆ. ಬುಡದ ಸುತ್ತ ಕಾಂಕ್ರೀಟನ್ನು ಸ್ವಲ್ಪ ಎತ್ತರಿಸಿ ಇಳಿಜಾರು ಮಾಡಿಸಿದರೆ ನೀರು ನಿಲ್ಲುವುದಿಲ್ಲ. ಶೆಡ್ಡಿನ ನೇರ ಮೇಲೆ ತೆಂಗಿನ ಮರ ಇದ್ದರೆ ಮೇ ತಿಂಗಳಲ್ಲೇ ಕಾಯಿ, ಒಣ ಮಡಲು ಎಲ್ಲ ಇಳಿಸಿ.

ಮತ್ತೊಂದು, ನೆಲ. ರಸ್ತೆಗೆ ಪ್ರತಿ ಸಲ ಕಾಂಕ್ರೀಟು ಹಾಕುವಾಗ ಅರ್ಧ ಅಡಿ ಏರುತ್ತದೆ. ಶೆಡ್ಡು ಅಲ್ಲೇ ಇರುತ್ತದೆ. ಈಗ ರಸ್ತೆಯ ನೀರಿಗೆ ನಮ್ಮ ಶೆಡ್ಡೇ ದಾರಿ. ಗೇಟಿನ ಒಳಗೆ ಅಡ್ಡಕ್ಕೆ ಒಂದು ಚರಂಡಿ ತೆಗೆದು ಮೇಲೆ ಕಬ್ಬಿಣದ ಜಾಲರಿ ಹಾಕಿಸಿ. ಅಂಗಳಕ್ಕೆ ಪೂರ್ತಿ ಇಂಟರ್‌ಲಾಕ್ ಹಾಕಿದವರು ಒಂದು ಬದಿಯಾದರೂ ಮಣ್ಣು ಬಿಟ್ಟು ನೀರು ಇಂಗಲು ಜಾಗ ಕೊಡಿ. ಶೆಡ್ಡಿನಲ್ಲಿ ಇನ್ವರ್ಟರ್ ಬ್ಯಾಟರಿ, ವಾಷಿಂಗ್ ಮಷಿನ್, ಸಿಮೆಂಟ್ ಚೀಲ ಇಡುವವರು ಎಲ್ಲವನ್ನೂ ಕಲ್ಲಿನ ಮೇಲೆ ಹಲಗೆ ಹಾಕಿ ಎತ್ತರಿಸಿ. ಪ್ಲಗ್ ಪಾಯಿಂಟ್ ನೆಲದಿಂದ ಒಂದು ಅಡಿಗೆ ಇದ್ದರೆ ನಾಲ್ಕು ಅಡಿಗೆ ಏರಿಸಿ. ಎಲೆಕ್ಟ್ರಿಕ್ ಸ್ಕೂಟರ್, ಕಾರು ಚಾರ್ಜ್ ಮಾಡುವವರಿಗೆ ಇದು ಇನ್ನೂ ಮುಖ್ಯ. ಅದಕ್ಕೆ ಮೇನ್ ಬೋರ್ಡಿನಿಂದ ಬೇರೆಯೇ ಲೈನು, ಸರಿಯಾದ ಅರ್ಥಿಂಗ್ ಇರಲಿ. ಎಕ್ಸ್‌ಟೆನ್ಶನ್ ಬಾಕ್ಸ್ ನೆಲದ ಮೇಲೆ ಇಟ್ಟು ಚಾರ್ಜ್ ಮಾಡುವುದು ಬೇಡವೇ ಬೇಡ.

2020ರ ಸೆಪ್ಟೆಂಬರ್ 20 ನಮ್ಮ ಊರಿನವರು ಮರೆಯುವ ದಿನವಲ್ಲ. ಮಳೆಗಾಲ ಮುಗಿಯಿತು ಎನ್ನುವ ಹೊತ್ತಿನಲ್ಲಿ ಸ್ವರ್ಣಾ ನದಿ ಉಕ್ಕಿತು, ತಗ್ಗಿನ ಮನೆಗಳಿಗೆಲ್ಲ ನೀರು ನುಗ್ಗಿತು. ನಿಂತ ಕಾರು ನೀರಿನಲ್ಲಿ ಮುಳುಗಿದರೆ ಸೀಟು, ವೈರಿಂಗ್ ಹಾಳಾಗಬಹುದು, ಆದರೆ ಎಂಜಿನ್ನಿನ ರಾಡ್ ಅಷ್ಟಕ್ಕೇ ಬಾಗಿರುವುದಿಲ್ಲ. ನೀರು ಇಳಿದ ಮೇಲೆ ಸ್ಟಾರ್ಟ್ ಮಾಡಿ ನೋಡುವ ಎಂದು ಕೀ ತಿರುಗಿಸಿದಾಗ ಎಂಜಿನ್ ಹೋಗುತ್ತದೆ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಆಗುವುದಿಲ್ಲ. ಸಿಲಿಂಡರಿನೊಳಗೆ ನೀರು ಇದ್ದರೆ ಪಿಸ್ಟನ್ ಮೇಲೆ ಬರುವಾಗ ತಡೆದು ಒಳಗಿನ ರಾಡ್ ಬಾಗುತ್ತದೆ. ಆಮೇಲೆ ಲಕ್ಷದ ಮಾತು. ಕೀ ಮುಟ್ಟದೆ, ಸಾಧ್ಯವಾದರೆ ಬ್ಯಾಟರಿ ಬಿಚ್ಚಿ, ಟೋ ಮಾಡಿಸಿ. ಇನ್ಶೂರೆನ್ಸ್ ಕಾಗದವನ್ನು ಈಗಲೇ ತೆಗೆದು ಓದಿ. ಸಾಮಾನ್ಯ ಪಾಲಿಸಿಯಲ್ಲಿ ಹೀಗೆ ಹಾಳಾದ ಎಂಜಿನ್ನಿಗೆ ಹೆಚ್ಚಾಗಿ ದುಡ್ಡು ಸಿಗುವುದಿಲ್ಲ, ಎಂಜಿನ್ ಪ್ರೊಟೆಕ್ಟ್ ಎಂದು ಬೇರೆ ಕಟ್ಟಿರಬೇಕು.

ಒದ್ದೆ ಕಾರಿಗೆ, ಒದ್ದೆ ಸ್ಕೂಟರಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಬೇಡಿ. ಒಳಗೆ ತೇವ ಸಿಕ್ಕಿಕೊಂಡು ತುಕ್ಕು ಹಿಡಿಯುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಕಾರಾದರೆ ಹ್ಯಾಂಡ್ ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ, ಇಲ್ಲದಿದ್ದರೆ ಬ್ರೇಕ್ ಅಂಟಿಕೊಳ್ಳುತ್ತದೆ. ಜೋರು ಮಳೆಗೆ ಇಲಿಗಳು ಬಿಲ ಬಿಟ್ಟು ಬಾನೆಟ್ಟಿನೊಳಗೆ ಬೆಚ್ಚಗೆ ಕೂರುತ್ತವೆ, ವೈರ್ ಕಡಿಯುತ್ತವೆ. ಶೆಡ್ಡಿನಲ್ಲಿ ಹಿಂಡಿ, ಅಕ್ಕಿ, ಕೊಬ್ಬರಿ ಇಡದಿದ್ದರೆ ಅರ್ಧ ಕಾಟ ಕಡಿಮೆ. ಕಾರಿನ ಟಯರಿನ ಗೆರೆಗಳ ಆಳ ಕಾನೂನಿನ ಪ್ರಕಾರ ಕನಿಷ್ಠ 1.6 ಮಿಲಿಮೀಟರ್ ಇರಬೇಕು. ನಮ್ಮ ಮಳೆಗೆ ಅದೂ ಸಾಲದು, ಅಷ್ಟಾಗುವ ಮೊದಲೇ ಬದಲಾಯಿಸಿ. ಮೂಲೆಯಲ್ಲಿ ನೇತುಹಾಕಿದ ಹೆಲ್ಮೆಟ್, ಬಿಟ್ಟ ಬೂಟು ಕೊಡವಿಯೇ ಹಾಕಿಕೊಳ್ಳಿ, ಚೇಳೋ ಹಾವಿನ ಮರಿಯೋ ಇರಬಹುದು.

ಮಕ್ಕಳು ಕೆನಡಾ, ಅಮೆರಿಕದಲ್ಲಿ ಇರುವ ಕೆಲವರು ಇಲ್ಲಿದ್ದೀರಿ. ಅಲ್ಲಿ ಹಿಮ ಬೀಳುವ ಮೊದಲು ನೀರಿನ ಪೈಪಿಗೆ ಹೊದಿಕೆ ಸುತ್ತುತ್ತಾರೆ. ನೀರು ಗಡ್ಡೆಯಾದಾಗ ಸುಮಾರು 9 ಶೇಕಡಾ ಹಿಗ್ಗಿ ಪೈಪು ಒಡೆಯುತ್ತದೆ. ಅಂಥ ದೇಶಗಳಲ್ಲಿ ಚಳಿಗೆ ಗ್ಯಾರೇಜ್ ಬಾಗಿಲು ಮುಚ್ಚಿ ಕಾರು ಸ್ಟಾರ್ಟ್ ಮಾಡಿ ಬಿಟ್ಟು ಸತ್ತವರಿದ್ದಾರೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆ ಬಂದ ಹಾಗೆ ಆಗಿ ಜೀವ ಹೋಗುತ್ತದೆ. ಈ ಅಪಾಯ ಮಾತ್ರ ನಮ್ಮಲ್ಲೂ ಇದೆ. ಎರಡು ದಿನ ಕರೆಂಟ್ ಇಲ್ಲದಾಗ ಎರಚಲು ಬರುತ್ತದೆ ಎಂದು ಶೆಡ್ಡಿನ ಶಟರ್ ಎಳೆದು ಒಳಗೆ ಜನರೇಟರ್ ಓಡಿಸುವವರಿದ್ದಾರೆ. ಬಟ್ಟೆ ಒಣಗಲಿ ಎಂದು ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುವವರಿದ್ದಾರೆ. ಎರಡೂ ಬೇಡ. ಜನರೇಟರ್ ಹೊರಗೇ ಇರಲಿ, ಕಿಟಕಿಯಿಂದ ದೂರ, ಮೇಲೆ ಒಂದು ಶೀಟು.

ಬಾವಿಯ ಬಗ್ಗೆ ಒಂದೇ ಮಾತು. ಅಂಗಳದ ನೀರು ಒಳಗೆ ಹೋಗದಷ್ಟು ಕಟ್ಟೆ ಎತ್ತರ ಇರಲಿ. ಮೊದಲ ಜೋರು ಮಳೆಯ ನಂತರ ಬ್ಲೀಚಿಂಗ್ ಪೌಡರ್ ಹಾಕಿ, ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ. 2 ಮೀಟರ್ ಅಗಲದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಸುಮಾರು 30 ಗ್ರಾಂ ಸಾಕು. ಬಕೆಟಿನಲ್ಲಿ ಕಲಸಿ, ಗಸಿ ಕೂತ ಮೇಲೆ ಮೇಲಿನ ತಿಳಿ ಮಾತ್ರ ಬಾವಿಗೆ ಬಿಡಿ. ಒಂದು ಗಂಟೆ ಕಳೆದು ಬಳಸಿ, ಕುಡಿಯಲು ಕುದಿಸಿಯೇ ಕುಡಿಯಿರಿ.

ಇನ್ನು ನೀವು ಕೇಳಿದ ಪ್ರಶ್ನೆಗಳು.

ಅಕ್ಕ ಒಬ್ಬರು ಕೇಳಿದರು: "ಜೋರು ಮಳೆ ಬಂದಾಗಲೆಲ್ಲ ಇಎಲ್‌ಸಿಬಿ ಬೀಳುತ್ತದೆ. ಎಲೆಕ್ಟ್ರಿಷಿಯನ್ ಅದನ್ನು ಬೈಪಾಸ್ ಮಾಡಿ ಹೋದರು. ಈಗ ತೊಂದರೆ ಇಲ್ಲ. ಪರವಾಗಿಲ್ಲವಾ?" ಹಾಗೆ ಬಿಡಬಾರದು ಅಕ್ಕ, ದಯವಿಟ್ಟು ನಾಳೆಯೇ ಸರಿ ಮಾಡಿಸಿ. ಮಳೆಗೆ ಮಾತ್ರ ಬೀಳುತ್ತದೆ ಎಂದರೆ ಎಲ್ಲೋ ಒದ್ದೆಯಲ್ಲಿ ಕರೆಂಟ್ ಸೋರುತ್ತಿದೆ, ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು. ಹೀಗೆ ಹುಡುಕಿ. ಎಲ್ಲ ಎಂಸಿಬಿ ಕೆಳಗೆ ಹಾಕಿ ಇಎಲ್‌ಸಿಬಿ ಎತ್ತಿ. ಮತ್ತೆ ಒಂದೊಂದೇ ಎಂಸಿಬಿ ಎತ್ತುತ್ತಾ ಬನ್ನಿ. ಯಾವುದನ್ನು ಎತ್ತಿದಾಗ ಬೀಳುತ್ತದೋ ಆ ಲೈನಿನಲ್ಲಿ ಸಮಸ್ಯೆ. ಹೆಚ್ಚಾಗಿ ಗೇಟಿನ ಲೈಟು, ಪಂಪು, ಗೀಸರ್, ಈ ಮೂರರಲ್ಲಿ ಒಂದಿರುತ್ತದೆ. ಎಲ್ಲ ಕೆಳಗೆ ಹಾಕಿದರೂ ಇಎಲ್‌ಸಿಬಿ ನಿಲ್ಲದಿದ್ದರೆ ನ್ಯೂಟ್ರಲ್ ವೈರ್ ಎಲ್ಲೋ ಗೋಡೆಗೆ ತಾಗಿರಬಹುದು, ಅದನ್ನು ಗೊತ್ತಿದ್ದವರೇ ಬಂದು ನೋಡಬೇಕು. ನೀವು ಬೋರ್ಡಿನ ಮುಚ್ಚಳ ತೆಗೆಯಬೇಡಿ.

ಹಿರಿಯರೊಬ್ಬರು ಸಿಡಿಲಿನ ಬಗ್ಗೆ ಕೇಳಿದರು. ನಮ್ಮಲ್ಲಿ ಸಿಡಿಲು ಜಾಸ್ತಿ ಇರುವುದು ಏಪ್ರಿಲ್, ಮೇ ಮತ್ತು ಅಕ್ಟೋಬರಿನ ಸಂಜೆಗಳಲ್ಲಿ. ಆಟಿಯ, ಅಂದರೆ ಜುಲೈ-ಆಗಸ್ಟಿನ ಮಳೆಗೆ ಗುಡುಗು ಕಡಿಮೆ. ಮಿಂಚು ಕಂಡು ಗುಡುಗು ಕೇಳುವವರೆಗಿನ ಸೆಕೆಂಡು ಎಣಿಸಿ, ಮೂರರಿಂದ ಭಾಗಿಸಿದರೆ ಎಷ್ಟು ಕಿಲೋಮೀಟರ್ ದೂರ ಎಂದು ಸಿಗುತ್ತದೆ. ಆದರೆ ಗುಡುಗು ಕಿವಿಗೆ ಬಿತ್ತು ಎಂದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರವೇ ಇದೆ, ಆಗಲೇ ಒಳಗೆ ಬನ್ನಿ. ಟಿವಿ, ಫ್ರಿಜ್, ವೈಫೈ ಪೆಟ್ಟಿಗೆಯ ಪ್ಲಗ್ ಮೊದಲೇ ತೆಗೆದಿಡಿ, ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು. ಸಿಡಿಲು ಶುರುವಾದ ಮೇಲೆ ಪ್ಲಗ್ಗಿಗೆ ಕೈ ಹಾಕಬೇಡಿ.

ಕೊನೆಯ ಪ್ರಶ್ನೆ ಬೀಗ ಹಾಕಿದ ಮನೆಗಳದ್ದು. ಮುಂಬೈ, ದುಬೈಯಲ್ಲಿ ಇರುವವರ ಮನೆಗಳು ನಮ್ಮ ಬಡಾವಣೆಯಲ್ಲೂ ಇವೆ. ಅವರು ಮೇ ತಿಂಗಳಲ್ಲಿ ಬಂದು ಜೂನಿಗೆ ಮೊದಲು ಹೊರಡುತ್ತಾರೆ. ಹೊರಡುವ ಮೊದಲು ಟೆರೇಸಿನ ಪೈಪು ನೋಡಿಸಿ. ಅಂಗಳದಲ್ಲಿ ನೀರು ನಿಲ್ಲುವ ಕುಂಡ, ಟಯರ್, ಅಡಿಕೆ ಹಾಳೆ ಎಲ್ಲ ತೆಗೆದುಬಿಡಿ, ಡೆಂಗಿ ಸೊಳ್ಳೆಗೆ ಒಂದು ವಾರ, ಹತ್ತು ದಿನ ನಿಂತ ತಿಳಿ ನೀರು ಸಾಕು. ಒಳಗೆ ಕಪಾಟಿನ ಬಾಗಿಲು ಸ್ವಲ್ಪ ತೆರೆದಿರಲಿ, ಗೋಡೆಯಿಂದ ಒಂದು ಗೇಣು ದೂರ ಇರಲಿ. ಕಾಗದಪತ್ರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮೇಲಿನ ಅಂತಸ್ತಿನಲ್ಲಿ ಇಡಿ. ಫ್ರಿಜ್ ಖಾಲಿ ಮಾಡಿ ಮೇನ್ ಸ್ವಿಚ್ ಆಫ್ ಮಾಡಿ. ಬೀಗದ ಕೈ ಪಕ್ಕದ ಮನೆಯವರಲ್ಲಿ ಕೊಟ್ಟು, ಹದಿನೈದು ದಿನಕ್ಕೊಮ್ಮೆ ಹೊಳವಾದ ಹೊತ್ತಿನಲ್ಲಿ ಬಾಗಿಲು ಕಿಟಕಿ ತೆರೆದು ಗಾಳಿ ಆಡಿಸಲು ಹೇಳಿ. ಮೇನ್ ಸ್ವಿಚ್ ಎಲ್ಲಿದೆ, ಹಿಂದಿನ ಗೋಡೆಯ ತೂತುಗಳು ಎಲ್ಲಿವೆ ಎಂದು ಅವರಿಗೆ ಕರೆದುಕೊಂಡು ಹೋಗಿ ತೋರಿಸಿ. ಮೆಸ್ಕಾಂನ 1912, ಜಿಲ್ಲಾ ಕಂಟ್ರೋಲ್ ರೂಮಿನ 1077, ನಿಮ್ಮ ಅಲ್ಲಿನ ಫೋನ್ ನಂಬರು, ಮೂರನ್ನೂ ದೊಡ್ಡದಾಗಿ ಬರೆದು ಮೀಟರ್ ಪೆಟ್ಟಿಗೆಯ ಪಕ್ಕ ಅಂಟಿಸಿ ಹೊರಡಿ.